ಮುನ್ಶಿಯವರ ಎರಡನೆಯ ಸೊನ್ನೆ

ಖಾಸಿಂಸಾಬ ಮುನ್ಶಿಯವರು ಕನ್ನಡದ ಮೊದಲನೆಯ ಪುಸ್ತಕವನ್ನು ಕೊನೆಯ ಪುಟದಿಂದ ಓದಲು ಶುರು ಮಾಡಿದವರು. ಐವತ್ತು ದಾಟಿದ ಮನುಷ್ಯ, ಗಡ್ಡಕ್ಕೆ ಮದರಂಗಿ, ಮೂಗಿನ ತುದಿಯಲ್ಲಿ ದಾರ ಕಟ್ಟಿದ ಕನ್ನಡಕ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಿಂಬದಿಯ ರಟ್ಟನ್ನು ತೆರೆದು, ಬಿಸ್ಮಿಲ್ಲಾ ಎಂದು ಕಟ್ಟಕಡೆಯ ಪಾಠಕ್ಕೆ ಬೆರಳಿಟ್ಟರು. ಅಲ್ಲಿ ಒತ್ತಕ್ಷರಗಳ ದೊಡ್ಡ ದೊಡ್ಡ ಶಬ್ದಗಳಿದ್ದವು. "ಏನಪಾ ಇದು, ಪೈಲಾ ಪಾಠನೇ ಇಷ್ಟು ಕಠಿಣ ಇಟ್ಟಾರ!" ಎಂದು ಬೆವರು ಒರೆಸಿಕೊಂಡರು. ಆದರೂ ಬಿಡಲಿಲ್ಲ. ಆ ಕಡೆಯಿಂದ ಈ ಕಡೆಗೆ ಬರಬರುತ್ತಾ ಪಾಠ ದಿನದಿಂದ ದಿನಕ್ಕೆ ಹಗುರಾಗಿ, ಎರಡು ತಿಂಗಳಿಗೆ ಅ, ಆ, ಇ, ಈ ಎಂಬಲ್ಲಿಗೆ ಬಂದು ನಿಂತರು. "ಕಡೀಕ್ ಭಾಳ ಹಗುರ ಆಯ್ತು ನೋಡು. ಪುಸ್ತಕ ಬರದಾಂವ ಶಾಣ್ಯಾ ಇದ್ದಾನ" ಎಂದು ಮೆಚ್ಚಿಕೊಂಡರು.

ಅವರನ್ನು ನೆನೆದಾಗಲೆಲ್ಲ ನನಗೆ ಎಡ ಯಾವುದು ಬಲ ಯಾವುದು ಎಂಬುದು ಒಂದು ಗಳಿಗೆ ಮರೆತುಹೋಗುತ್ತದೆ. ನೌಕರಿ ಮುಗಿಸಿ ಮನೆಯಲ್ಲಿ ಕೂತ ಮೇಲಂತೂ ಈ ಗೊಂದಲ ಜಾಸ್ತಿಯಾಗಿದೆ. ಈ ಬರಹವನ್ನೇ ಎಲ್ಲಿಂದ ಹಿಡಿಯಬೇಕೋ ತಿಳಿಯದೆ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಇರಲಿ, ಭಾಲ್ಕಿಯಿಂದಲೇ ಹಿಡಿಯುತ್ತೇನೆ.

ನಿಜಾಮರ ಕಾಲದಲ್ಲಿ ಅವರು ಭಾಲ್ಕಿಯ ತಹಸೀಲ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಮುನ್ಶಿಯಾಗಿದ್ದರು, ಅಂದರೆ ಗುಮಾಸ್ತರು. ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಪೊಲೀಸ್ ಆಕ್ಷನ್ ಆಗಿ ಹೈದರಾಬಾದು ಹಿಂದುಸ್ತಾನದೊಳಗೆ ಸೇರಿದ ಮೇಲೆ ಕಚೇರಿಗೆ ಯಾರೋ ಹೊಸ ಅಧಿಕಾರಿ ಬಂದು, ಹಳಬರಲ್ಲಿ ಕೆಲವರನ್ನು ಉಳಿಸಿಕೊಂಡು ಕೆಲವರನ್ನು ಮನೆಗೆ ಕಳಿಸಿದರು. ಯಾರನ್ನು ಯಾಕೆ ಉಳಿಸಿದರು, ಯಾರನ್ನು ಯಾಕೆ ಕಳಿಸಿದರು ಎಂದು ಉಳಿದವರಿಗೂ ತಿಳಿಯಲಿಲ್ಲ, ಹೋದವರಿಗೂ ತಿಳಿಯಲಿಲ್ಲ. ಮುನ್ಶಿಯವರು ಹೋದವರ ಗುಂಪಿನಲ್ಲಿ ಬಿದ್ದರು. ಎರಡು ವರ್ಷದ ನಂತರ ಗುಮಾಸ್ತರ ಪರೀಕ್ಷೆ ಮಾಡುತ್ತಾರೆಂದು ಡಂಗುರ ಸಾರಿದರು. ಹೊಸಬರೂ ಕೂಡಬಹುದು, ಹಳೆಯ ನೌಕರರಿಗೆ ವಯಸ್ಸಿನ ಅಡ್ಡಿಯಿಲ್ಲ. ಆದರೆ ಹಳಬರಿಗೆ ಒಂದೇ ಸಲ ಅವಕಾಶ. ಆ ಒಂದು ಸಲದಲ್ಲಿ ಪಾಸಾದರೆ ಮುನ್ಶಿಯವರಿಗೆ ತಮ್ಮ ಕುರ್ಚಿ ಮರಳಿ ಸಿಗುತ್ತಿತ್ತು, ಇಲ್ಲವಾದರೆ ಕಚೇರಿಯ ಬಾಗಿಲು ಖಾಯಂ ಮುಚ್ಚಿದ ಹಾಗೆ.

ಪರೀಕ್ಷೆಯಲ್ಲಿ ಕನ್ನಡವಿತ್ತು, ಸಾದಾ ಲೆಕ್ಕವಿತ್ತು, ಇವೆರಡರ ಜೊತೆಗೆ ನಮ್ಮ ಕಡೆ ಯಾರೂ ಕಂಡು ಕೇಳರಿಯದ ಒಂದು ಪೇಪರು ಇತ್ತು. ಅಂಕಿಗಳ ಸಾಲು ಕೊಟ್ಟು ಮುಂದಿನ ಅಂಕಿ ಯಾವುದು ಎಂದು ಕೇಳುವುದು, ಎರಡು ಮಾತು ಹೇಳಿ ಮೂರನೆಯದು ಸರಿಯೋ ತಪ್ಪೋ ಎಂದು ಕೇಳುವುದು, ಒಬ್ಬ ಅಷ್ಟು ದೂರ ನಡೆದು ಆ ಕಡೆ ತಿರುಗಿದರೆ ಎಲ್ಲಿದ್ದಾನೆ ಎಂದು ಕೇಳುವುದು. ಭಾಲ್ಕಿಯಲ್ಲಿ ಅದಕ್ಕೆ ಅಕಲಿನ ಪೇಪರು ಎಂದೇ ಹೆಸರು ಬಿತ್ತು. ಬುದ್ಧಿ ಇದ್ದವನಿಗೆ ಪಾಸು, ಇಲ್ಲದವನಿಗೆ ನಪಾಸು ಎಂದರು. ಅದನ್ನು ಕೇಳಿ ಅರ್ಧ ಜನ ಅರ್ಜಿಯನ್ನೇ ಹಾಕಲಿಲ್ಲ.

ನಾನು ಭಾತಂಬ್ರಾದವನು. ಮನೆತನಕ್ಕೆ ಕುರಿಯೇ ಆಸ್ತಿ. ನಿಜಾಮರ ಪರ ದಂಡು ಕಟ್ಟಿದ ರಜಾಕಾರರ ಗದ್ದಲದ ಕಾಲದಲ್ಲಿ ಅಂಜಿ ಅಪ್ಪ ನನ್ನನ್ನು ಸೊಲ್ಲಾಪುರದ ಸೋದರಮಾವನ ಮನೆಗೆ ಅಟ್ಟಿದ್ದ. ಅಲ್ಲಿ ಮರಾಠಿಯಲ್ಲಿ ಮೆಟ್ರಿಕ್ ಮುಗಿಸಿದೆ. ಇಪ್ಪತ್ತೆರಡರ ಹರೆಯದಲ್ಲಿ ಊರಿಗೆ ಮರಳುವಾಗ ನನ್ನ ಟ್ರಂಕಿನಲ್ಲಿ ಇಂಥ ಸವಾಲುಗಳದ್ದೇ ಒಂದು ಮರಾಠಿ ಪುಸ್ತಕವಿತ್ತು. ಪುಸ್ತಕವೇನೋ ಇತ್ತು, ಒಂದು ಸವಾಲೂ ಬಗೆಹರಿಯುತ್ತಿರಲಿಲ್ಲ. "ಮುನ್ಶಿ ಹತ್ರ ಹೋಗು, ಅವ್ರ ತಲಿ ಗಡಿಯಾರ ಇದ್ಹಾಂಗ ಅದ" ಎಂದು ಯಾರೋ ಹೇಳಿದರು. ಹೋದೆ. ಅವರಿಗೆ ಮರಾಠಿಯ ಅಕ್ಷರ ಗೊತ್ತಿರಲಿಲ್ಲ, ನನಗೆ ಬುದ್ಧಿ ಓಡುತ್ತಿರಲಿಲ್ಲ. ಹೀಗೆ ಪುಸ್ತಕ ನನ್ನದು, ತಲೆ ಅವರದು ಎಂದು ಒಪ್ಪಂದವಾಯಿತು. ನಾನು ಪುಸ್ತಕದಲ್ಲಿ ನೋಡಿ ಸವಾಲನ್ನು ಪಾಟಿಯ ಮೇಲೆ ಬರೆಯುವುದು, ಅವರು ಬಿಡಿಸಿ ನನಗೆ ಕಲಿಸುವುದು.

ಅವರ ಸಾಮಗ್ರಿ ಒಂದೇ, ಒಂದು ತಗಡಿನ ಡಬ್ಬಿ ತುಂಬ ಹುಣಸೆ ಬೀಜ. ಪಡಸಾಲೆಯಲ್ಲಿ ಚಾಪೆ ಹಾಸಿ ಬೀಜಗಳನ್ನು ಸಾಲು ಸಾಲಾಗಿ ಜೋಡಿಸುತ್ತಿದ್ದರು. ನಾನು ಎರಡು, ಆರು, ಹನ್ನೆರಡು, ಇಪ್ಪತ್ತು, ಮೂವತ್ತು ಎಂದು ಓದಿದರೆ ಅಷ್ಟಷ್ಟು ಬೀಜಗಳ ಗುಂಪು ಮಾಡಿ ಸುಮ್ಮನೆ ನೋಡುತ್ತಾ ಕೂಡುವರು. ನನಗೆ ಚಡಪಡಿಕೆ. "ಆಹಿಸ್ತಾ, ಬೀರಪ್ಪಾ. ಅಂಕಿ ಏನು ನಿಮ್ಮಪ್ಪನ ಕುರಿ ಅಲ್ಲ, ಓಡಿ ಹೋಗೂದಿಲ್ಲ" ಎನ್ನುವರು. ಆಮೇಲೆ ಒಂದು ಗುಂಪಿಗೂ ಇನ್ನೊಂದಕ್ಕೂ ನಡುವಿನ ಜಾಗದಲ್ಲಿ ಬೆರಳಿಟ್ಟು, "ಅಂಕಿ ನೋಡಬ್ಯಾಡ, ಇಬ್ಬರ ನಡುವ ಫರಕ್ ಎಷ್ಟದ ನೋಡು. ಇಲ್ಲಿ ನಾಕು. ಇಲ್ಲಿ ಆರು. ಇಲ್ಲಿ ಎಂಟು. ಇಲ್ಲಿ ಹತ್ತು. ಇನ್ನ ಮುಂದ?" "ಹನ್ನೆರಡ್ರಿ." "ಮೂವತ್ತಕ್ಕ ಹನ್ನೆರಡು ಕೂಡಸು." "ನಲವತ್ತೆರಡ್ರಿ!" ಎಂದು ನಾನು ಕೂಗಿದಾಗ ಅವರು ಡಬ್ಬಿ ಬಡಿದು "ಸಹಿ!" ಎನ್ನುವರು. ಸರಿ ಉತ್ತರಕ್ಕೆ ಸಹಿ, ತಪ್ಪಿಗೆ ಗಲತ್. ಇದರ ಹೊರತು ಇನ್ನೊಂದು ಮಾತಿನಲ್ಲಿ ಹೊಗಳಿದವರಲ್ಲ, ಬಯ್ದವರೂ ಅಲ್ಲ.

ಅವರ ಹೆಂಡತಿಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಒಳಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಾ, "ಇಪ್ಪತ್ತೆರಡ್ ವರ್ಸ ಕಚೇರ್ಯಾಗ ಸರ್ಕಾರದ ಕಾಗದ ಬರದ್ರು. ಈಗ ನೋಡ್ರಿ, ನನ್ನ ಹುಣಸಿ ಬೀಜ ಎಣಸಲತ್ಯಾರ" ಎಂದು ಚುಚ್ಚುತ್ತಿದ್ದರು. ಮುನ್ಶಿಯವರು ತಲೆ ಎತ್ತದೆ, "ಬೀಜಕ್ಕ ಸರ್ಕಾರ ಯಾವುದಾದ್ರೇನು ಬೇಗಂ" ಎನ್ನುವರು.

ಈಗ ಆ ಮೊದಲನೆಯ ವಾರದ ಜಗಳ ಹೇಳಬೇಕು. ಇದನ್ನು ಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಮೊದಲ ದಿನ ನಾನು ಪುಸ್ತಕದಲ್ಲಿ ಇದ್ದ ಹಾಗೆಯೇ, ಎಡಗಡೆಯಿಂದ ಬಲಗಡೆಗೆ, ಅಂಕಿಗಳನ್ನು ಪಾಟಿಯ ಮೇಲೆ ಬರೆದುಕೊಟ್ಟೆ. ಹೊಸ ಪರೀಕ್ಷೆಗೆ ಇಂಗ್ಲಿಷ್ ಅಂಕಿಗಳೇ ಬೇಕಿದ್ದವು. ಅವನ್ನು ಅವರು ಒಂದೇ ದಿನದಲ್ಲಿ ಕಲಿತುಬಿಟ್ಟಿದ್ದರು. ಆದರೆ ಕನ್ನಡದ ಸಾಲನ್ನು ಎಡದಿಂದ ಓದಿದರೂ ಅಂಕಿಗಳ ಸಾಲನ್ನು ಮಾತ್ರ ಬಲಗಡೆಯಿಂದ ಓದಿದರು. ಜೀವಮಾನವೆಲ್ಲ ಉರ್ದು ಬರೆದ ಕಣ್ಣು, ಅದಕ್ಕೆ ಸಾಲಿನ ಮೊದಲು ಅಂದರೆ ಬಲಗಡೆ. ನಾನು "ಅಲ್ರಿ, ಈ ಕಡಿಂದ" ಎಂದೆ. "ಯಾಕ? ಈ ಕಡಿಂದ ಯಾಕ?" "ಹಾಂಗೇ ಓದೂದ್ರಿ." "ಯಾರು ಹೇಳ್ಯಾರ?" ಹಾಂಗೇ ಓದುವುದು ಎಂದು ಯಾರು ಹೇಳಿದ್ದಾರೋ ನನಗೂ ಗೊತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಬ್ಬರೂ ಅರ್ಧ ದಿನ ಹಟ ಹಿಡಿದೆವು. ಸಂಜೆಗೆ ನನಗೆ ತಲೆ ಚಿಟ್ಟುಹಿಡಿಯಿತು.

ಮರುದಿನ ನಾನೊಂದು ಉಪಾಯ ಮಾಡಿದೆ. ಅವರಿಗೆ ಕೊಡುವ ಪಾಟಿಯಲ್ಲಿ ಸಾಲನ್ನು ತಿರುವಿ ಬರೆದೆ. ಎರಡನ್ನು ಬಲತುದಿಗೆ ಇಟ್ಟು ಮೂವತ್ತನ್ನು ಎಡಕ್ಕೆ ತಂದೆ, ಅದರಾಚೆ ಉತ್ತರಕ್ಕೆಂದು ಒಂದು ಚೌಕ ಖಾನೆ ಬರೆದೆ. ಮುನ್ಶಿಯವರು ಬಲಗಡೆಯಿಂದ ಓದುತ್ತಾ ಬಂದು ಖಾನೆಯಲ್ಲಿ ನಲವತ್ತೆರಡು ಬರೆದರು. ಜಗಳ ಮುಗಿಯಿತು. ಆಮೇಲೆ ಐದು ತಿಂಗಳು ಪ್ರತಿದಿನ ನಾನು ಹಾಗೆಯೇ ತಿರುವಿ ಬರೆದುಕೊಟ್ಟೆ, ಪ್ರತಿಯೊಂದಕ್ಕೂ ಎಡತುದಿಯಲ್ಲಿ ಖಾನೆ ಹಾಕಿದೆ. ಹಿರಿಯರ ಜೊತೆ ವಾದ ಯಾಕೆ, ಖಾನೆ ಎಲ್ಲಿದೆಯೋ ಉತ್ತರ ಅಲ್ಲಿ, ಪರೀಕ್ಷೆಯಲ್ಲೂ ಖಾನೆ ಇದ್ದೇ ಇರುತ್ತದೆ ಎಂದುಕೊಂಡೆ. ಮರ್ಯಾದೆಯೆಂದು ಮಾಡಿದೆನೋ ಸೋಮಾರಿತನದಿಂದ ಮಾಡಿದೆನೋ ಈಗಲೂ ನನಗೆ ಸ್ಪಷ್ಟವಿಲ್ಲ. ಅವರಿಗೆ ಅಂಕಿ ಕಲಿಸಿದೆ, ದಿಕ್ಕು ಕಲಿಸಲಿಲ್ಲ.

ಮಾತಿನ ಸವಾಲುಗಳಲ್ಲಿ ಅವರದು ಇನ್ನೊಂದು ರೀತಿ. ಎಲ್ಲ ಹಸುಗಳಿಗೂ ನಾಲ್ಕು ಕಾಲು, ಈ ಮೇಜಿಗೂ ನಾಲ್ಕು ಕಾಲು, ಆದ್ದರಿಂದ ಮೇಜು ಹಸು. ಇದು ಸರಿಯೋ ತಪ್ಪೋ ಎಂದು ಪುಸ್ತಕದಲ್ಲಿತ್ತು. ನಾನು ಯೋಚಿಸುತ್ತಿದ್ದೆ, ನಿಜಕ್ಕೂ ಯೋಚಿಸುತ್ತಿದ್ದೆ. ಅವರು ನಕ್ಕು, "ತಡಿ, ನಿನಗ ತಿಳಿಯೋ ಹಾಂಗ ಹೇಳ್ತೇನಿ" ಎಂದು ಬೀಜದ ಡಬ್ಬಿ ಬದಿಗಿಟ್ಟರು. "ರಜಾಕಾರರೆಲ್ಲಾ ಉರ್ದು ಮಾತಾಡ್ತಿದ್ರು. ಖಾಸಿಂಸಾಬನೂ ಉರ್ದು ಮಾತಾಡ್ತಾನ. ಹಾಂಗಂದ್ರ ಖಾಸಿಂಸಾಬ ರಜಾಕಾರ. ಸಹಿಯೋ ಗಲತ್ತೋ?"

"ಗಲತ್ ರಿ."

"ಎಷ್ಟ್ ಜಲ್ದಿ ಹೇಳ್ದಿ! ದೊಡ್ಡ ದೊಡ್ಡ ಪಗಾರ ತಗೊಳ್ಳಾವ್ರಿಗಿ ಎರಡು ವರ್ಸಾದ್ರೂ ಈ ಸವಾಲು ಬಗೀಹರಿದಿಲ್ಲ ನೋಡು" ಎಂದು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಒಳಬಾಗಿಲಲ್ಲಿ ಖಾಲಾ ನಗಲಿಲ್ಲ ಎಂಬುದು ಮಾತ್ರ ನನ್ನ ಗಮನಕ್ಕೆ ಬಂತು.

ಖಾಲಾ ಯಾಕೆ ನಗಲಿಲ್ಲ ಎಂಬುದು ತಿಳಿದದ್ದು ದಿಕ್ಕಿನ ಸವಾಲು ಬಂದ ದಿನ. ಪುಸ್ತಕದಲ್ಲಿ ಎಲ್ಲಿಯದೋ ಊರಿನ ಹೆಸರಿದ್ದರೆ ನಾನು ಅದನ್ನು ತೆಗೆದು ನಮ್ಮ ಕಡೆಯ ಊರು ಸೇರಿಸುತ್ತಿದ್ದೆ, ಅವರಿಗೆ ನಗು ಬರಲಿ ಎಂದು. ಮನ್ನಳ್ಳಿಯ ಗೌಡ ಬೀದರಕ್ಕೆ ಹೊರಟ, ಭಾತಂಬ್ರಾದ ಕತ್ತೆ ಭಾಲ್ಕಿಗೆ ಹೊರಟಿತು, ಹೀಗೆ. ಆ ದಿನ ಬಾಯಿಗೆ ಬಂದ ಊರು ಹೇಳಿದೆ. "ಒಬ್ಬ ಹುಡುಗ ಚಿಂತಾಕಿಯಿಂದ ಭಾಲ್ಕಿಗೆ ಹೊರಟಾನ್ರಿ. ನಾಕು ಹರದಾರಿ ದಕ್ಷಿಣಕ್ಕ ನಡದು, ಬಲಕ್ಕ ತಿರುಗಿ ಮೂರು ಹರದಾರಿ ನಡದಾನ. ಈಗ ಎಲ್ಲಿದ್ದಾನ?"

ಮುನ್ಶಿಯವರು ಬೀಜಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು. ಎಲ್ಲ ಹಾಕಿ ಮುಚ್ಚಳ ಮುಚ್ಚಿದ ಮೇಲೆ, "ಈ ಸವಾಲು ಬಿಡು ಬೀರಪ್ಪ. ನಾ ಎರಡು ವರ್ಸ ಮಾಡಿ ನೋಡೀನಿ, ಜವಾಬು ಬರಲಿಲ್ಲ" ಎಂದು ಎದ್ದು ಹೊರಗೆ ಹೋದರು.

ಖಾಲಾ ಹೇಳಿದರು. ಅವರಿಗೆ ರಫೀಕ್ ಎಂಬ ಒಬ್ಬನೇ ಮಗನಿದ್ದ, ನನ್ನದೇ ವಯಸ್ಸಿನವನು. ಪೊಲೀಸ್ ಆಕ್ಷನ್ನಿನ ವಾರದಲ್ಲಿ ತಾಯಿಯ ಜೊತೆ ಔರಾದ ತಾಲೂಕಿನ ಚಿಂತಾಕಿಯಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದ. "ಅಬ್ಬಾ ಒಬ್ರೇ ಇದ್ದಾರ, ಹೋಗ್ತೇನಿ ಅಂತ ಹೊಂಟ, ಹಾದ್ಯಾಗ ಸಾಬರನ್ನ ಹೊಡಿಯಲತ್ತಾರ ಅಂದ್ರೂ ಕೇಳಲಿಲ್ಲ. ಅಲ್ಲಿಂದ ಹೊಂಟದ್ದು ಖರೇ. ಇಲ್ಲಿ ಮುಟ್ಟಲಿಲ್ಲ" ಎಂದು ಖಾಲಾ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡರು. ಅದಕ್ಕೆ ಮೊದಲಿನ ವರ್ಷ ನಾನೂ ರಜಾಕಾರರಿಗೆ ಅಂಜಿ ಊರು ಬಿಟ್ಟವನೇ. ನನ್ನೊಳಗೆ ಸಿಟ್ಟು ಇತ್ತು, ಅದು ಯಾರ ಮೇಲೆ ಎಂದು ಗೊತ್ತೂ ಇತ್ತು ಅಂದುಕೊಂಡಿದ್ದೆ. ಆ ದಿನ ಆ ಪಡಸಾಲೆಯಲ್ಲಿ ಕೂತಾಗ ಅದು ಗೊತ್ತಿಲ್ಲವೆನ್ನಿಸಿತು. ಮರುದಿನ ಮುನ್ಶಿಯವರು ಎಂದಿನ ಹಾಗೆಯೇ ಚಾಪೆ ಹಾಸಿ, "ಬಾ, ಇವತ್ತ ಅಂಕಿ ಮಾಡೂಣು. ಅಂಕಿ ದಾರಿ ತಪ್ಪೂದಿಲ್ಲ" ಎಂದರು.

ಪರೀಕ್ಷೆ ಬೀದರದಲ್ಲಿ. ಭಾಲ್ಕಿಯಿಂದ ಬೆಳಗಿನ ರೈಲಿಗೆ ಇಬ್ಬರೂ ಹೋದೆವು. ಮುನ್ಶಿಯವರು ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟಿದ್ದರು. ಕಚೇರಿ ಬಿಟ್ಟಾಗಿನಿಂದ ಅದನ್ನು ತೊಟ್ಟಿರಲಿಲ್ಲವಂತೆ, ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಊರ ನಡುವಿನ ಗಡಿಯಾರದ ಬುರುಜು ಚೌಬಾರಾದ ಹತ್ತಿರ ನಿಂತು ಗಂಟೆ ನೋಡಿ ತಮ್ಮ ಜೇಬಿನ ಗಡಿಯಾರಕ್ಕೆ ಕೀಲಿ ಕೊಟ್ಟರು. "ಇವತ್ತ ನನ್ನ ಕುರ್ಚಿ ವಾಪಸ್ ತರ್ತೇನಿ. ನೀನೂ ಬಾಜೂಕ ಒಂದು ಹಾಕ್ಕೊ" ಎಂದು ನನ್ನ ಬೆನ್ನ ಮೇಲೆ ಕೈ ಇಟ್ಟರು.

ಕನ್ನಡದ ಪೇಪರು ಹೇಗೋ ದಾಟಿತು, ಲೆಕ್ಕದ್ದೂ ಮುಗಿಯಿತು. ಮಧ್ಯಾಹ್ನ ಅಕಲಿನ ಪೇಪರು ಕೈಗೆ ಬಂತು. ಮೊದಲ ಹಾಳೆಯಲ್ಲಿಯೇ ಅಂಕಿಗಳ ಐದು ಸಾಲು. ಪ್ರಶ್ನೆಯನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಅಚ್ಚು ಹಾಕಿಸಿದ್ದರು, ಯಾರಿಗೂ ಅನ್ಯಾಯ ಆಗಬಾರದೆಂದು. ಅಂಕಿಯ ಸಾಲುಗಳು ಮಾತ್ರ ಎಲ್ಲರಿಗೂ ಕೂಡಿ ಒಂದೇ. ಖಾನೆ ಇರಲಿಲ್ಲ. ಪ್ರಶ್ನೆಯ ಗುರುತೂ ಇರಲಿಲ್ಲ. ಮುಂದಿನ ಅಂಕಿ ಬರೆಯಿರಿ ಎಂದಿತ್ತು, ಅಷ್ಟೇ. ಮೊದಲ ಸಾಲು ನಮ್ಮದೇ ಹಳೆಯ ಗೆಳೆಯ: 2, 6, 12, 20, 30.

ತಲೆ ಎತ್ತಿ ನೋಡಿದೆ. ಮುನ್ಶಿಯವರು ನನಗಿಂತ ಎರಡು ಬೆಂಚು ಮುಂದೆ ಕೂತಿದ್ದರು. ಅವರ ಟೊಪ್ಪಿಗೆ ನಿಧಾನಕ್ಕೆ ಬಲದಿಂದ ಎಡಕ್ಕೆ ತಿರುಗುತ್ತಿತ್ತು. ಮೂವತ್ತು, ಇಪ್ಪತ್ತು, ಹನ್ನೆರಡು, ಆರು, ಎರಡು. ಹತ್ತು ಇಳಿಯಿತು, ಎಂಟು ಇಳಿಯಿತು, ಆರು, ನಾಲ್ಕು; ಇನ್ನು ಎರಡು ಇಳಿಯಬೇಕು. ಎರಡರಲ್ಲಿ ಎರಡು ಹೋದರೆ ಸೊನ್ನೆ. ಅವರು ಬರೆಯುವುದು ನನಗೆ ಕಾಣುತ್ತಿರಲಿಲ್ಲ, ಆದರೆ ಏನು ಬರೆಯುತ್ತಾರೆಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಮೇಲ್ವಿಚಾರಕರು ನನ್ನನ್ನೇ ದುರುಗುಟ್ಟಿ ನೋಡಿದರು. ಎದ್ದು ನಿಂತು "ಮುನ್ಶಿಜೀ, ಎಡಗಡಿಂದ್ರಿ" ಎಂದಿದ್ದರೆ ನನ್ನನ್ನು ಕತ್ತು ಹಿಡಿದು ಹೊರಗೆ ಹಾಕುತ್ತಿದ್ದರು. ತಲೆ ತಗ್ಗಿಸಿ ನಲವತ್ತೆರಡು ಎಂದು ಬರೆದೆ. ಆ ನಲವತ್ತೆರಡು ಅವರೇ ಕಲಿಸಿದ್ದು.

ಮರಳಿ ಬರುವಾಗ ರೈಲಿನಲ್ಲಿ ಅವರು ಬಲು ಉಮೇದಿನಲ್ಲಿದ್ದರು. ಪೇರಲಹಣ್ಣು ಕೊಂಡು ಅರ್ಧ ನನಗೆ ಕೊಟ್ಟರು. "ಸವಾಲು ಕಠಿಣ ತೆಗದಾರ, ಆದ್ರ ಖುಷಿ ಆಯ್ತು. ಪೈಲಾದಕ್ಕ ಏನು ಬರದಿ?"

"ನಲವತ್ತೆರಡ್ರಿ."

ಬಾಯಿಗೆ ಹೋಗುತ್ತಿದ್ದ ಹಣ್ಣು ಅಲ್ಲೇ ನಿಂತಿತು. "ಸೊನ್ನಿ ಅಲ್ಲೇನು?"

ನಾನು ಕಿಟಕಿಯಾಚೆ ನೋಡಿದೆ. ಅವರು ಬಿಡಲಿಲ್ಲ. "ಐದು, ಹತ್ತು, ಇಪ್ಪತ್ತು, ನಲವತ್ತು, ಎಂಬತ್ತು ಇತ್ತಲ್ಲಾ, ಅದಕ್ಕ?" "ನೂರಾ ಅರವತ್ರಿ." "ನಾ ಎರಡೂವರಿ ಬರದೀನಿ. ಅರ್ಧ ಅರ್ಧ ಆಗ್ತಾ ಬಂದದ, ಐದರ ಅರ್ಧ ಎರಡೂವರಿ. ಎಂಥಾ ನಾಜೂಕು ಸವಾಲು ಅಂತ ಅವಾಗಿಂದ ಅದನ್ನೇ ನೆನಸಲತ್ತೀನಿ." ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ಐದು ಅಂಕಿ ಬರೆದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನಿಂದೂ ಬರೊಬ್ಬರಿ ಅದ. ನಂದೂ ಬರೊಬ್ಬರಿ ಅದ. ಮತ್ತ ಇದರಾಗ ಗಲತ್ ಯಾವುದು?"

ಪಾಟಿಯ ಮೇಲಿನ ಖಾನೆಯ ವಿಷಯವನ್ನು ಆಗಲೇ ಹೇಳಬೇಕಿತ್ತು. ಪುಸ್ತಕದಲ್ಲಿ ಸಾಲು ಹಾಗಿರಲಿಲ್ಲ, ನಾನೇ ತಿರುವಿ ಕೊಟ್ಟಿದ್ದು ಎಂದು ಹೇಳಬೇಕಿತ್ತು. ಕೈಯಲ್ಲಿದ್ದ ಅರ್ಧ ಪೇರಲ ತಿನ್ನುತ್ತಾ ಕೂತೆ. ರೈಲು ಭಾಲ್ಕಿ ಮುಟ್ಟುವವರೆಗೂ ಅವರು ಕಿಟಕಿಯನ್ನೇ ನೋಡುತ್ತಿದ್ದರು.

ಎರಡು ತಿಂಗಳಿಗೆ ಫಲಿತಾಂಶ ಬಂತು. ನಾನು ಪಾಸು, ಅವರು ನಪಾಸು. ಎಲ್ಲ ಪೇಪರು ಕೂಡಿಸಿ ಮೂರು ಅಂಕ ಕಡಿಮೆ ಬಿದ್ದಿದ್ದವು. ಆ ಐದು ಸಾಲುಗಳಿಗೆ ಹೋದದ್ದು ಹತ್ತು ಅಂಕ. ಅಕಲಿನ ಪೇಪರಿನ ಉಳಿದ ಭಾಗದಲ್ಲಿ ಅವರು ಒಂದೂ ತಪ್ಪು ಮಾಡಿರಲಿಲ್ಲ.

ನಾನು ಅವರಿಗೆ ಹೇಳದೆ ಕಚೇರಿಗೆ ಹೋದೆ. ಆ ವೇಳೆಗೆ ಮೊದಲಿನ ಅಧಿಕಾರಿ ಹೋಗಿ ಇನ್ನೊಬ್ಬರು ಬಂದಿದ್ದರು, ದಕ್ಷಿಣದ ಕಡೆಯವರು, ಮೆತ್ತಗೆ ಮಾತಾಡುವವರು. ಅವರ ಮೇಜಿ‌ನ ಮೇಲೆ ಕಾಗದ ಇಟ್ಟು ಎರಡೂ ಕಡೆಯಿಂದ ಲೆಕ್ಕ ಮಾಡಿ ತೋರಿಸಿದೆ. ಅವರು ಕಾಗದವನ್ನು ತಿರುಗಿಸಿದರು, ತಾವೂ ತಿರುಗಿ ಕೂತರು, ಚಹಾ ತರಿಸಿ ಕುಡಿದರು. ಕೊನೆಗೆ, "ನೀವು ಹೇಳ್ತಿರೋದು ನನಗೆ ಅರ್ಥ ಆಗ್ತಾ ಇದೆ ಕಣ್ರೀ. ಅರ್ಥ ಆಗದೇ ಇದ್ದಿದ್ರೆ ಚೆನ್ನಾಗಿತ್ತು. ನನಗೆ ಮೇಲಿನಿಂದ ಕೊಟ್ಟಿರೋ ಉತ್ತರದ ಪಟ್ಟೀಲಿ ನಲವತ್ತೆರಡು ಅಂತ ಇದೆ, ನಾನೇನು ಮಾಡ್ಲಿ?" ಎಂದರು. ಮೇಲಿನವರಿಗೆ ಒಂದು ಪತ್ರವನ್ನೂ ಬರೆದರಂತೆ. ಅದಕ್ಕೆ ಉತ್ತರ ಬರಲಿಲ್ಲ.

ಊರಿಗೆ ಹೋಗಿ ಅಪ್ಪನ ಮುಂದೆ ಎಲ್ಲ ಹೇಳಿಕೊಂಡೆ. ಅಪ್ಪ ಅಕ್ಷರ ಅರಿಯದವನು, ಹಟ್ಟಿಯ ಬಾಗಿಲಲ್ಲಿ ನಿಂತು ದಿನಾ ಸಂಜೆ ಕುರಿ ಎಣಿಸುವವನು. ನನ್ನ ಮಾತನ್ನು ಪೂರಾ ಕೇಳಿ, "ಕುರಿ ಹಿಂದಿನಿಂದ ಎಣಸಿದ್ರ ಕಡಿಮಿ ಆಗ್ತಾವೇನಲೇ? ಎಂಥಾ ಸರ್ಕಾರನೋ ನಿಮ್ದು" ಎಂದ. ಆಮೇಲೆ ಕುರಿ ಎಣಿಸಿ ಮುಗಿಸಿ, "ನೀ ಯಾಕ ಆ ಮುದುಕಗ ಮೊದಲೇ ಹೇಳಲಿಲ್ಲ?" ಎಂದು ಕೇಳಿದ. ನಾನು ಹಟ್ಟಿಯ ಅಗುಳಿ ಹಾಕಿ ಒಳಗೆ ಹೋದೆ.

ನನಗೆ ಕೊಟ್ಟದ್ದು ಭಾಲ್ಕಿಯ ಕಚೇರಿ, ಅದರೊಳಗೂ ಮುನ್ಶಿಯವರು ಕೂಡುತ್ತಿದ್ದ ಕುರ್ಚಿ. ಕಪಾಟಿನ ತುಂಬ ಅವರ ಕೈಬರಹದ ಹಳೆಯ ಉರ್ದು ದಫ್ತರಗಳು, ಅಂದರೆ ಕಡತಗಳು. ಅವನ್ನೆಲ್ಲ ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ನನಗೆ ಬರುವ ಉರ್ದು ಚೂರುಪಾರು, ದಫ್ತರವನ್ನು ಯಾವ ಕಡೆಯಿಂದ ತೆರೆಯಬೇಕು ಎಂಬಲ್ಲಿಂದಲೇ ಗೊಂದಲ. ಕಷ್ಟವಾದಾಗ ಅವರ ಮನೆಗೇ ಹೋಗುತ್ತಿದ್ದೆ. ಅವರು ಬೇಜಾರಿಲ್ಲದೆ ಓದಿ ಹೇಳುತ್ತಿದ್ದರು, ತಾವೇ ಬರೆದ ಸಾಲನ್ನು ಕಂಡು "ಕೈ ಚೆಂದ ಇತ್ತಲ್ಲಾ ನಂದು" ಎನ್ನುವರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಖಾನೆಯ ವಿಷಯ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ತಳ್ಳುತ್ತಾ ಬಂದೆ. ಒಂದು ದಿನ ಹೋದರೆ ಮನೆಗೆ ಬೀಗ. ಚಿಂತಾಕಿಗೆ, ಮಗಳ ಮನೆಗೆ ಹೋದರು ಎಂದರು ಪಕ್ಕದವರು.

ಮೂರು ವರ್ಷದ ಮೇಲೆ ಔರಾದಕ್ಕೆ ಕಚೇರಿಯ ಕೆಲಸ ಬಿತ್ತು. ಕೆಲಸ ಮುಗಿಸಿ ಒಂದು ಎತ್ತಿನ ಬಂಡಿ ಹಿಡಿದು ಚಿಂತಾಕಿಗೆ ಹೋದೆ. ಮುನ್ಶಿಯವರು ಮಗಳ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಬಹಳ ಸೊರಗಿದ್ದರು. ಗಡ್ಡದಲ್ಲಿ ಮದರಂಗಿ ಇರಲಿಲ್ಲ, ಪೂರ್ತಿ ಬೆಳ್ಳಗಾಗಿತ್ತು. ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆಂದು ಖಾಲಾ ಹೇಳಿದರು. "ಕಚೇರಿ ಸಾಹೇಬ್ರು ಬಂದ್ರು! ಚಾಪಿ ಹಾಸು" ಎಂದು ಮುನ್ಶಿಯವರು ಒಳಗೆ ಕೂಗಿದರು. ದನಿ ಮಾತ್ರ ಹಳೆಯದೇ.

ಕೂತ ಕೂಡಲೇ ಹೇಳಿಬಿಟ್ಟೆ, ಇಲ್ಲವಾದರೆ ಮತ್ತೆ ಹೇಳುತ್ತಿರಲಿಲ್ಲ. "ಮುನ್ಶಿಜಿ, ಪುಸ್ತಕದಾಗ ಸಾಲು ಹಾಂಗ ಇರಲಿಲ್ರಿ. ನಿಮಗ ಹಗುರ ಆಗ್ಲಿ ಅಂತ ನಾನೇ ತಿರುವಿ ಬರೀತಿದ್ದೆ, ನಾನೇ ಖಾನಿ ಹಾಕ್ತಿದ್ದೆ. ಪರೀಕ್ಷಿ ದಿನನೂ ನನಗ ಗೊತ್ತಾಗಿತ್ತು. ನಾ ಬಾಯಿ ಬಿಡಲಿಲ್ಲ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಇಪ್ಪತ್ತೈದು ದಾಟಿದ ಗಂಡಸು, ಸರ್ಕಾರಿ ನೌಕರ, ಕಟ್ಟೆಯ ಮೇಲೆ ಕೂತು ಅತ್ತೆ.

ಅವರು ಸಿಟ್ಟಾಗುತ್ತಾರೆಂದು ಕಾದೆ. ಪರವಾಗಿಲ್ಲ ಎನ್ನುತ್ತಾರೆಂದೂ ಕಾದೆ. ಎರಡೂ ಮಾಡಲಿಲ್ಲ. "ಬೇಗಂ, ಡಬ್ಬಿ ತಾ" ಎಂದರು.

ಅದೇ ತಗಡಿನ ಡಬ್ಬಿ. ಚಾಪೆಯ ಬಲತುದಿಯಲ್ಲಿ ಮೂವತ್ತು ಬೀಜದ ಗುಂಪು ಇಟ್ಟರು. ಅದರ ಎಡಕ್ಕೆ ಇಪ್ಪತ್ತು. ಆಮೇಲೆ ಹನ್ನೆರಡು, ಆರು, ಎರಡು. ಒಂದೊಂದು ಬೀಜಕ್ಕೂ ಹೊತ್ತು ಹಿಡಿಯುತ್ತಿತ್ತು. "ಹತ್ತು ಇಳೀತು, ಎಂಟು ಇಳೀತು, ಆರು, ನಾಕು. ಇನ್ನ ಎರಡು ಇಳದ್ರ?"

"ಸೊನ್ನಿರಿ."

ಒಂದು ಅಂಗೈಯಷ್ಟು ಜಾಗ ಖಾಲಿ ಬಿಟ್ಟರು. "ನಾ ಇಲ್ಲಿಗಿ ಮುಗೀತು ಅಂತ ಬರದು ಬಂದೆ. ಅದು ಗಲತ್. ಮುಗದಿಲ್ಲ. ಎರಡು ಇಳದ ಮ್ಯಾಲ ಎಷ್ಟು ಇಳೀಬೇಕು?"

ನಾನು ಯೋಚಿಸಿದೆ. "ಏನೂ ಇಳ್ಯಾಂಗಿಲ್ರಿ. ಮತ್ತ ಸೊನ್ನಿನೇ."

"ಹಾಂ. ಇನ್ನೊಂದು ಸೊನ್ನಿ." ಇನ್ನೊಂದು ಅಂಗೈ ಜಾಗ ಖಾಲಿ ಬಿಟ್ಟರು. ಆ ಖಾಲಿ ಚಾಪೆಯನ್ನು ಅಂಗೈಯಿಂದ ಸವರಿದರು. "ರಫೀಕ್ ಹೋದಾಗ ಇದೇ ಕಡೀಕು ಅಂದ್ಕೊಂಡಿದ್ದೆ. ಆಮ್ಯಾಲ ಕುರ್ಚಿನೂ ಬರಲಿಲ್ಲ. ಒಂದು ಸೊನ್ನಿ ತಡಕೋಬಹುದು ಬೀರಪ್ಪ. ಎರಡನೇದು ಬಂದಾಗ ಮನಷ್ಯಾಗ ಲೆಕ್ಕನೇ ತಪ್ತದ. ಇಲ್ಲಿ ಬಂದು ಕೂತು ಭಾಳ ದಿನ ನೋಡ್ದೆ. ಇಳೂದು ಮುಗದ ಮ್ಯಾಲ ಏರೂದೇ ಉಳೀತದ. ಪೈಲಾ ಎರಡು." ಖಾಲಿ ಜಾಗದ ಆಚೆ ಎರಡು ಬೀಜ ಇಟ್ಟರು. ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಇನ್ನ ಮುಂದಿಂದು ನೀ ಇಡು."

ಎರಡಕ್ಕೆ ನಾಲ್ಕು ಕೂಡಿಸಿ ಆರು ಬೀಜ ಎಣಿಸಿ ಇಟ್ಟೆ. ಎರಡು ಸಲ ಎಣಿಸಿದೆ. "ಸಹಿ" ಎಂದರು ಮುನ್ಶಿಯವರು. ನನ್ನನ್ನು ಕ್ಷಮಿಸಿದರೋ, ಅಥವಾ ಬರೀ ಲೆಕ್ಕವನ್ನಷ್ಟೇ ಒಪ್ಪಿದರೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಬಂಡಿಯವನು ಅವಸರ ಮಾಡುತ್ತಿದ್ದ.

ಮುಂದಿನ ಸಲ ಚಿಂತಾಕಿಗೆ ಹೋದಾಗ ಕಟ್ಟೆಯ ಮೇಲೆ ಖಾಲಾ ಒಬ್ಬರೇ ಕೂತಿದ್ದರು. ಮುನ್ಶಿಯವರು ಚಳಿಗಾಲದಲ್ಲಿ ತೀರಿಹೋದರಂತೆ, ಮೂರು ದಿನದ ಜ್ವರವಂತೆ. ಖಾಲಾ ಒಳಗೆ ಹೋಗಿ ಡಬ್ಬಿ ತಂದು ನನ್ನ ಮುಂದಿಟ್ಟರು. "ಬೀರಪ್ಪ ಬಂದ್ರ ಕೊಡು ಅಂದಾರ. ಎಣಸಿ ತಗೋ, ಒಂದೂ ಕಡಿಮಿ ಮಾಡಿಲ್ಲ" ಎಂದರು. ನಾನು ಬೀಜಗಳನ್ನು ಚಾಪೆಯ ಮೇಲೆ ಸುರಿದುಕೊಂಡೆ. ಯಾವ ಕಡೆಯಿಂದ ಎಣಿಸಬೇಕೋ ತಿಳಿಯದೆ ಬಹಳ ಹೊತ್ತು ಹಾಗೆಯೇ ಕೂತಿದ್ದೆ.